ಕೀಬೋರ್ಡ್‌ಗೆ ಮೂವತ್ತು ಸಾವಿರ, ಹಾಡುವ ದನಿಗೆ ಮುನ್ನೂರು!

ನಮ್ಮ ಕಡೆಯ ಹಳ್ಳಿಗಳಲ್ಲಿ ಈಗ ಭಜನಾ ಮಂಡಳಿ ಎಂದರೆ ಕೀಬೋರ್ಡ್ ಇರಲೇಬೇಕು. ಶ್ರಾವಣ ಹತ್ತಿರ ಬಂದಾಗ ಊರಲ್ಲಿ ಪಟ್ಟಿ ಎತ್ತುತ್ತಾರೆ. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಉಳಿತಾಯದಲ್ಲಿ ಒಂದಿಷ್ಟು ಕೊಡುತ್ತಾರೆ. ಬೆಂಗಳೂರು, ಪುಣೆ ಕಡೆ ದುಡಿಯುವ ಹುಡುಗರು ಫೋನ್‌ಪೇ ಮಾಡುತ್ತಾರೆ. ಇಪ್ಪತ್ತು, ಮೂವತ್ತು ಸಾವಿರ ಕೂಡಿದ ಮೇಲೆ ನಾಲ್ಕು ಜನ ಹುಬ್ಬಳ್ಳಿಗೋ ದಾವಣಗೆರೆಗೋ ಹೋಗಿ ಕೀಬೋರ್ಡ್ ತರುತ್ತಾರೆ. ಕುಂಕುಮ ಹಚ್ಚಿ, ಕಾಯಿ ಒಡೆದು, ಫೋಟೋ ತೆಗೆದು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುತ್ತಾರೆ. ಇಲ್ಲಿಯವರೆಗೆ ಎಲ್ಲ ಸರಿ.

ಆಮೇಲೆ ಯಾರೋ ಕೇಳುತ್ತಾರೆ: "ಮತ್ತೆ ಮೈಕ್?" ಉಳಿದ ಚಿಲ್ಲರೆಯಲ್ಲಿ ಒಂದು ಮೈಕ್ ಬರುತ್ತದೆ. ಮುನ್ನೂರೋ ನಾನೂರೋ ಕೊಟ್ಟಿದ್ದು. ಕೆಲವು ಮಂಡಳಿಗಳಲ್ಲಿ ಅದೂ ಇಲ್ಲ, ಯಾರದೋ ಮನೆಯ ಸ್ಪೀಕರ್ ಜೊತೆ ಪುಕ್ಕಟೆ ಬಂದ ಮೈಕನ್ನೇ ಎತ್ತಿಕೊಂಡು ಬರುತ್ತಾರೆ.

ಜಾತ್ರೆ, ಪುರಾಣ ಮಂಗಲ, ಗಣೇಶೋತ್ಸವ, ರಾಜ್ಯೋತ್ಸವ ಎಂದು ಸುದ್ದಿಗಾಗಿ ವರ್ಷವಿಡೀ ವೇದಿಕೆ ಮುಂದೆ ಕೂರುವವರು ನಾವು. ಹಾಡನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದು ರಾತ್ರಿ ವರದಿ ಬರೆಯಲು ಕೂತರೆ ಕೀಬೋರ್ಡಿನ ಢಂ ಢಂ ಚೆನ್ನಾಗಿ ಕೇಳುತ್ತದೆ, ಹಾಡಿನ ಮಾತು ಕೇಳುವುದಿಲ್ಲ. ಯಾವ ಪದ ಹಾಡಿದಿರಿ ಎಂದು ಹಾಡಿದವರಿಗೇ ಫೋನ್ ಮಾಡಿ ಕೇಳಬೇಕು. ಎದುರು ಕೂತು ಕೇಳಿದ ನಮಗೇ ಹೀಗಾದರೆ, ಕಟ್ಟೆಯಾಚೆ ಕೂತ ಅಜ್ಜಿಗೆ ಏನು ಕೇಳಿರಬೇಕು?

ಅದಕ್ಕೇ ನಮ್ಮ ಮಾತು ಇಷ್ಟು: ಮೈಕ್ ಎಂಬುದು ಕೀಬೋರ್ಡ್ ಕೊಂಡ ಮೇಲೆ ಉಳಿದ ದುಡ್ಡಿನಲ್ಲಿ ತರುವ ಸಾಮಾನಲ್ಲ. ಕೀಬೋರ್ಡಿನ ಪಕ್ಕದಲ್ಲಿ ಹಾಡುವ ಮನುಷ್ಯರಿಗೆ ಅದೇ ಮೊದಲ ಖರ್ಚು. ಪಟ್ಟಿಯಲ್ಲಿ ಮೊದಲು ಅದರ ಹಣ ತೆಗೆದಿಟ್ಟು, ಉಳಿದದ್ದರಲ್ಲಿ ಕೀಬೋರ್ಡ್ ನೋಡಿ.

ಹಾರ್ಮೋನಿಯಂ ಇದ್ದಾಗ ಈ ತಾಪತ್ರಯ ಇರಲಿಲ್ಲ

ಕೀಬೋರ್ಡ್ ಬೇಡವೇ ಬೇಡ ಎನ್ನುವ ಮಡಿವಂತರು ನಾವಲ್ಲ. ಹಿಂದೆ ಹಾರ್ಮೋನಿಯಂಗೂ ಇದೇ ಗತಿಯಾಗಿತ್ತು. ಇದು ಪರದೇಶದ ಪೆಟ್ಟಿಗೆ, ಇದರಲ್ಲಿ ನಮ್ಮ ಮೀಂಡ್, ಗಮಕ ಬರುವುದಿಲ್ಲ ಎಂದು ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟು, ಸುಮಾರು ಮೂರು ದಶಕ ಒಳಗೆ ಬಿಟ್ಟುಕೊಂಡಿರಲಿಲ್ಲ. ಈಗ ಅದೇ ಹಾರ್ಮೋನಿಯಂ ನಮ್ಮ ಭಜನೆಯ ಹಿರಿಯ. ನಾಳೆ ಕೀಬೋರ್ಡೂ ಹಾಗೇ ಆದೀತು. ಯಮಹಾದವರ ಪಿಎಸ್‌ಆರ್-ಐ500, ಕ್ಯಾಸಿಯೋದವರ ಸಿಟಿ-ಎಕ್ಸ್9000ಐಎನ್ ಇಂಥವು ತಬಲಾ, ತಾನ್ಪುರ ಸದ್ದುಗಳನ್ನು ಇಟ್ಟುಕೊಂಡು ನಮ್ಮ ದೇಶದವರಿಗೆಂದೇ ಬಂದಿವೆ. ತಬಲಾ ನುಡಿಸುವವರು ಇಲ್ಲದ ಊರಲ್ಲಿ ಅದರಿಂದ ಭಜನೆ ನಿಲ್ಲದೆ ನಡೆದಿದೆ. ಒಳ್ಳೆಯದೇ.

ಆದರೆ ಒಂದು ವ್ಯತ್ಯಾಸ ಗಮನಿಸಿ. ಹಾರ್ಮೋನಿಯಂ ಸದ್ದಿಗೆ ಒಂದು ಮಿತಿಯಿತ್ತು. ತಿದಿ ಒತ್ತುವ ಕೈಗೆ ಎಷ್ಟು ಬಲವೋ ಅಷ್ಟೇ ಸದ್ದು. ಹಾಡುವವರು ಪಕ್ಕದಲ್ಲೇ ಕೂತಿದ್ದರಿಂದ ದನಿ ಮತ್ತು ಪೆಟ್ಟಿಗೆ ತಕ್ಕಡಿಯಂತೆ ಸಮ ತೂಗುತ್ತಿದ್ದವು. ಕೀಬೋರ್ಡಿಗೆ ಆ ಮಿತಿ ಇಲ್ಲ. ವಾಲ್ಯೂಮ್ ಗುಂಡಿ ತಿರುಗಿಸಿದರೆ ಸಾಕು. ಹಿಂದೆ ಡ್ರಮ್ಸ್, ಕೆಳಗೆ ಬೇಸ್, ಮೇಲೆ ಪಿಟೀಲಿನ ಗುಂಪು ಎಲ್ಲ ಒಟ್ಟಿಗೆ ಸ್ಪೀಕರಿನಿಂದ ಹೊರಡುತ್ತವೆ. ಅದಕ್ಕೆ ದಣಿವಿಲ್ಲ, ಅದರ ಗಂಟಲು ಕಟ್ಟುವುದಿಲ್ಲ. ಹಾಡುವವರದು ಮಾತ್ರ ಅದೇ ರಕ್ತ ಮಾಂಸದ ಗಂಟಲು.

ಆಗ ಏನಾಗುತ್ತದೆ? ತನ್ನ ದನಿ ತನಗೇ ಕೇಳದಿದ್ದಾಗ ಮನುಷ್ಯ ತಾನಾಗಿಯೇ ದನಿ ಏರಿಸುತ್ತಾನೆ. ಸಂತೆಯಲ್ಲಿ ಮಾತಾಡಿದಂತೆ. ಏರಿಸಿದ ದನಿ ಶ್ರುತಿ ಬಿಡುತ್ತದೆ. ಒಂದು ತಾಸು ಹಾಗೆ ಕೂಗಿ ಹಾಡಿದರೆ ಗಂಟಲು ಒಡೆಯುತ್ತದೆ. ಏಳು ದಿನದ ಸಪ್ತಾಹದಲ್ಲಿ ಮೂರನೇ ದಿನಕ್ಕೇ ದನಿ ಹೋದವರನ್ನು ನಾವು ನೋಡಿದ್ದೇವೆ. ಹಳೆಯ ಕಂಪನಿ ನಾಟಕದ ನಟರು ಮೈಕಿಲ್ಲದೆ ಕೊನೆಯ ಸಾಲಿಗೆ ಮುಟ್ಟುವಂತೆ ಹಾಡುತ್ತಿದ್ದರಲ್ಲ ಎಂದು ಹಿರಿಯರು ಹೇಳುತ್ತಾರೆ. ಹೌದು, ಆದರೆ ಅವರ ಎದುರು ಇದ್ದದ್ದು ಕಾಲಪೆಟ್ಟಿಗೆ ಮತ್ತು ತಬಲಾ. ಇನ್ನೂರು ವ್ಯಾಟಿನ ಸ್ಪೀಕರ್ ಇರಲಿಲ್ಲ.

ಇದರ ಏಟು ಹೆಚ್ಚು ಬೀಳುವುದು ಹೆಣ್ಣುಮಕ್ಕಳಿಗೆ. ಗಂಡಸರು ಸಾಮಾನ್ಯವಾಗಿ ಬಿಳಿ ಒಂದು, ಕಪ್ಪು ಒಂದರ ಆಸುಪಾಸಿನಲ್ಲಿ ಹಾಡುತ್ತಾರೆ. ಹೆಚ್ಚಿನ ಹೆಣ್ಣು ದನಿಗೆ ಬಿಳಿ ಐದು, ಕಪ್ಪು ನಾಲ್ಕರ ಹತ್ತಿರ ಹಿತ. ನುಡಿಸುವವನು ತನಗೆ ರೂಢಿಯಾದ ಶ್ರುತಿಯಲ್ಲೇ ಹಿಡಿದು ಕೂತರೆ ಹೆಣ್ಣುಮಕ್ಕಳು ಒಂದೋ ತೀರಾ ಕೆಳಗೆ ಗುನುಗಬೇಕು, ಇಲ್ಲವೇ ಕಿರುಚಬೇಕು. ಕೆಳಗೆ ಗುನುಗಿದ ದನಿಯನ್ನು ಅಗ್ಗದ ಮೈಕ್ ಹಿಡಿಯುವುದಿಲ್ಲ. ಕಡೆಗೆ "ಹೆಣ್ಣುಮಕ್ಕಳ ದನಿ ಮೈಕಿಗೆ ಬರೋದಿಲ್ಲ" ಎಂಬ ಮಾತು ಬರುತ್ತದೆ, ಮೈಕ್ ಗಂಡಸರ ಕೈಗೆ ಹೋಗುತ್ತದೆ. ಸಂಘದ ಹಣದಲ್ಲಿ ತಂದ ಕೀಬೋರ್ಡಿನ ಮುಂದೆ ಸಂಘದವರೇ ತಾಳ ಹಾಕುತ್ತಾ ಕೂರಬೇಕು. ಇದು ದನಿಯ ತಪ್ಪಲ್ಲ, ಸಾಮಾನಿನ ತಪ್ಪು.

ನಮ್ಮ ಹಾಡಿನ ಜೀವ ಮಾತಿನಲ್ಲಿದೆ

ಸಿನಿಮಾ ಹಾಡಾದರೆ ಮಾತು ಕೇಳದಿದ್ದರೂ ಜನ ಟ್ಯೂನ್ ಹಿಡಿದು ಗುರುತಿಸುತ್ತಾರೆ. ವಚನ, ದಾಸರ ಪದ, ಶಿಶುನಾಳ ಶರೀಫರ, ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಗಲ್ಲ. ಅಲ್ಲಿ ಒಂದು ಪದ ತಪ್ಪಿದರೆ ಅರ್ಥವೇ ತಪ್ಪಿತು. ಕೇಳುವವರು ಬಂದಿರುವುದೇ ಆ ಮಾತಿಗೆ.

ಮಾತು ಸ್ಪಷ್ಟವಾಗುವುದು ವ್ಯಂಜನಗಳಿಂದ. ಸ, ಶ, ತ, ಚ, ಕ ಇವು ಬಾಯಿಂದ ಹೊರಡುವಾಗ ಬಹಳ ಸಣ್ಣ ಸದ್ದು. ಸುಮಾರು 2000 ಹರ್ಟ್ಸ್‌ನಿಂದ ಮೇಲಿನ ಪಟ್ಟಿಯಲ್ಲಿ ಅವುಗಳ ಬಲ ಇರುತ್ತದೆ. ಅಗ್ಗದ ಮೈಕಿನಲ್ಲಿ ಈ ಭಾಗ ಮಂಕಾಗಿರುತ್ತದೆ, ಇಲ್ಲವೇ ಒಂದೇ ಜಾಗದಲ್ಲಿ ಚೂಪಾಗಿ ಎದ್ದು ಕಿವಿಗೆ ಚುಚ್ಚುತ್ತದೆ. ಮೇಲಿಂದ ಕೀಬೋರ್ಡಿನ ಪಿಟೀಲು, ಸಿಂಬಲ್ ಬಂದು ಉಳಿದದ್ದನ್ನೂ ಮುಚ್ಚುತ್ತವೆ. ಉಳಿಯುವುದು "ಆ... ಓ..." ಮಾತ್ರ.

ಎಂಥ ಮೈಕ್ ಕೊಳ್ಳಬೇಕು?

ಮೊದಲ ಮಾತು: ಡೈನಾಮಿಕ್ ಮೈಕ್ ಕೊಳ್ಳಿ. ಅದರೊಳಗೆ ತೆಳು ಪರದೆ, ಅದಕ್ಕಂಟಿದ ತಂತಿಯ ಸುರುಳಿ, ಒಂದು ಅಯಸ್ಕಾಂತ ಇಷ್ಟೇ ಇರುತ್ತದೆ. ದನಿಗೆ ಪರದೆ ಅದುರಿದಾಗ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಬ್ಯಾಟರಿ ಬೇಡ, ಬೇರೆ ಕರೆಂಟ್ ಬೇಡ. ಧೂಳು, ಬೆವರು, ಕೈಜಾರಿ ಬೀಳುವುದು ಎಲ್ಲ ತಡೆಯುತ್ತದೆ. ಕಂಡೆನ್ಸರ್ ಮೈಕ್ ಎಂಬ ಇನ್ನೊಂದು ಜಾತಿ ಇದೆ. ಸ್ಟುಡಿಯೋಗಳಲ್ಲಿ ಹೆಚ್ಚಾಗಿ ಅದೇ. ಯೂಟ್ಯೂಬಿನಲ್ಲಿ ಹಾಡುವವರ ಮುಂದೆ ಜೋತುಬಿದ್ದಿರುವುದನ್ನು ನೋಡಿ ನಮ್ಮ ಹುಡುಗರೂ ಅದನ್ನೇ ಕೇಳುತ್ತಾರೆ. ಅದಕ್ಕೆ ಮಿಕ್ಸರಿನಿಂದ ಸಾಮಾನ್ಯವಾಗಿ 48 ವೋಲ್ಟ್ ಕೊಡಬೇಕು. ಅದು ಸೂಕ್ಷ್ಮವೂ ಹೌದು. ಗುಡಿಯ ಕಟ್ಟೆಯ ಮೇಲೆ ಇಟ್ಟರೆ ಹಾಡಿನ ಜೊತೆ ಗಂಟೆ, ಮಕ್ಕಳ ಅಳು, ಪಕ್ಕದ ಟ್ರ್ಯಾಕ್ಟರ್ ಎಲ್ಲವನ್ನೂ ಹಿಡಿಯುತ್ತದೆ. ಬಯಲು ಭಜನೆಗೆ ಅದು ಬೇಡ.

ಎರಡನೆಯದು: ಮುಂದಿನ ಸದ್ದು ಮಾತ್ರ ಕೇಳುವ ಮೈಕ್ ಬೇಕು. ಡಬ್ಬಿಯ ಮೇಲೆ ಕಾರ್ಡಿಯಾಯ್ಡ್ ಅಥವಾ ಯೂನಿಡೈರೆಕ್ಷನಲ್ ಎಂದು ಬರೆದಿರುತ್ತದೆ. ಕಾರ್ಡಿಯಾಯ್ಡ್ ಎಂದರೆ ಹೃದಯದ ಆಕಾರ. ಎದುರಿನದನ್ನು ಚೆನ್ನಾಗಿ, ಪಕ್ಕದ್ದನ್ನು ಕಡಿಮೆ, ಹಿಂದಿನದನ್ನು ಬಹಳ ಕಡಿಮೆ ಕೇಳುತ್ತದೆ. ಕೀಬೋರ್ಡ್ ಜೊತೆ ಹಾಡುವವರಿಗೆ ಇದು ಬಹು ಮುಖ್ಯ. ಕೀಬೋರ್ಡಿನ ಸ್ಪೀಕರ್ ಮೈಕಿನ ಬೆನ್ನ ಹಿಂದೆ ಬರುವಂತೆ ಕೂತರೆ ಮೈಕಿಗೆ ದನಿ ಬರುತ್ತದೆ, ಕೀಬೋರ್ಡ್ ಅಷ್ಟಾಗಿ ಬರುವುದಿಲ್ಲ. ಸೂಪರ್ ಕಾರ್ಡಿಯಾಯ್ಡ್ ಎಂಬುದು ಇನ್ನೂ ಕಿರಿದು, ಆದರೆ ಅದಕ್ಕೆ ನೇರ ಬೆನ್ನ ಹಿಂದಿನದು ಸ್ವಲ್ಪ ಕೇಳುತ್ತದೆ. ಹಾಡುವಾಗ ತಲೆ ಆಚೀಚೆ ಆಡಿಸಿದರೆ ದನಿ ಬಿಟ್ಟುಹೋಗುತ್ತದೆ. ಮೈಕ್ ಅಭ್ಯಾಸ ಇಲ್ಲದವರಿಗೆ ಸಾದಾ ಕಾರ್ಡಿಯಾಯ್ಡೇ ಸರಿ.

ಮೂರನೆಯದು: ಹಿಂದಿನ ತುದಿ ನೋಡಿ. ಮೂರು ಪಿನ್ ಇರುವ ಎಕ್ಸ್‌ಎಲ್‌ಆರ್ ಜೋಡಣೆ ಇರುವ ಮೈಕನ್ನೇ ತೆಗೆದುಕೊಳ್ಳಿ. ವೈರ್ ಮೈಕಿಗೇ ಅಂಟಿಕೊಂಡು ಬರುವ ಅಗ್ಗದವು ಬೇಡ. ಅವುಗಳಲ್ಲಿ ಮೊದಲು ಹೋಗುವುದೇ ವೈರ್. ವೈರ್ ಹೋದರೆ ಮೈಕೇ ಹೋದಂತೆ.

ಹೆಸರುಗಳನ್ನು ಹೇಳಿ ಎಂದು ಕೇಳುತ್ತೀರಿ. ಶೂರ್ ಕಂಪನಿಯ ಎಸ್‌ಎಂ58 ಎಂಬುದು 1966ರಿಂದ ಇದೆ. ಇವತ್ತಿಗೂ ಜಗತ್ತಿನ ವೇದಿಕೆಗಳಲ್ಲಿ ಹಾಡುವವರ ಕೈಯಲ್ಲಿ ಕಾಣುವ ಮೈಕ್ ಅದೇ. 50ರಿಂದ 15000 ಹರ್ಟ್ಸ್‌ವರೆಗೆ ಅದರ ವ್ಯಾಪ್ತಿ. ಸುಮಾರು ಹತ್ತು ಸಾವಿರದ ಲೆಕ್ಕ ಇಟ್ಟುಕೊಳ್ಳಬೇಕು. ಸೆನ್‌ಹೈಸರ್ ಇ835 ಅದೇ ವರ್ಗದ್ದು. ಅಷ್ಟು ಆಗದವರಿಗೆ ಬೆಹ್ರಿಂಗರ್ ಎಕ್ಸ್‌ಎಂ8500, ನಮ್ಮ ದೇಶದ ಅಹುಜಾ ಕಂಪನಿಯ ಎಯುಡಿ ಸರಣಿಯ ಎಕ್ಸ್‌ಎಲ್‌ಆರ್ ಮೈಕ್‌ಗಳಿವೆ. ಎರಡು, ಮೂರು ಸಾವಿರದ ಆಸುಪಾಸಿನಲ್ಲಿ ಮಂಡಳಿಯ ಕೆಲಸಕ್ಕೆ ಸಾಕಾಗುವ ಮೈಕ್ ಸಿಗುತ್ತದೆ. ಮುನ್ನೂರರ ಮೈಕಿಗೂ ಎರಡು ಸಾವಿರದ ಮೈಕಿಗೂ ಇರುವ ಅಂತರ ಹಗಲು ರಾತ್ರಿಯಷ್ಟು. ಎರಡು ಸಾವಿರದ್ದಕ್ಕೂ ಹತ್ತು ಸಾವಿರದ್ದಕ್ಕೂ ಇರುವ ಅಂತರ ಅಷ್ಟಿಲ್ಲ. ಆದ್ದರಿಂದ ಒಂದೇ ದುಬಾರಿ ಮೈಕಿಗಾಗಿ ಸಾಲ ಮಾಡಬೇಡಿ.

ಒಂದು ಎಚ್ಚರಿಕೆ. ಎಸ್‌ಎಂ58ರ ನಕಲಿ ಮಾಲು ಎಲ್ಲೆಡೆ ಸಿಗುತ್ತದೆ. ಅದೇ ಡಬ್ಬಿ, ಅದೇ ಹೆಸರು. ಅಸಲಿಯ ತೂಕ 298 ಗ್ರಾಂ. "ಒಂದೂವರೆ ಸಾವಿರಕ್ಕೆ ಕೊಡ್ತೀನಿ, ಒರಿಜಿನಲ್ಲೇ" ಎಂದರೆ ಅದು ಅಲ್ಲ ಎಂದೇ ತಿಳಿಯಿರಿ. ಆ ಒಂದೂವರೆ ಸಾವಿರಕ್ಕೆ ತನ್ನದೇ ಹೆಸರಿನ ಪ್ರಾಮಾಣಿಕ ಮೈಕ್ ಕೊಂಡರೆ ಲಾಭ. ಜಿಎಸ್‌ಟಿ ಬಿಲ್ ಮತ್ತು ವಾರಂಟಿ ಕೇಳಿ ಪಡೆಯಿರಿ. ಬಿಲ್ ಕೊಡಲು ಹಿಂಜರಿಯುವ ಅಂಗಡಿಯಿಂದ ಎದ್ದು ಬನ್ನಿ.

ವೈರ್ ಇಲ್ಲದ್ದು ಬೇಕೇ?

ಈಗ ಎಲ್ಲರಿಗೂ ಕಾರ್ಡ್‌ಲೆಸ್ ಮೋಹ. ಹಾಡುವವರು ಓಡಾಡುವ ರಸಮಂಜರಿಗೆ ಅದು ಬೇಕು. ಕೂತು ಹಾಡುವ ಭಜನೆಗೆ ಯಾಕೆ? ಮೂರು ಸಾವಿರದ ಕಾರ್ಡ್‌ಲೆಸ್ ಸೆಟ್ಟಿನಲ್ಲಿ ಹೆಚ್ಚಿನ ಹಣ ಹೋಗುವುದು ದನಿ ಕಳಿಸುವ ರೇಡಿಯೋ ಭಾಗಕ್ಕೆ. ದನಿ ಹಿಡಿಯುವ ತಲೆಗೆ ಉಳಿಯುವುದು ಸ್ವಲ್ಪ. ಅದೇ ಮೂರು ಸಾವಿರಕ್ಕೆ ವೈರ್ ಇರುವ ಮೈಕ್ ಕೊಂಡರೆ ಪೂರ್ತಿ ಹಣ ದನಿಗೇ ಹೋಗುತ್ತದೆ. ಸೆಲ್ ಮುಗಿಯುವ ಭಯ ಇಲ್ಲ, ಪಕ್ಕದ ಓಣಿಯ ಗಣಪತಿ ಪೆಂಡಾಲಿನ ಭಾಷಣ ನಿಮ್ಮ ಸ್ಪೀಕರಿನಲ್ಲಿ ಬರುವ ಭಯವೂ ಇಲ್ಲ.

ಬ್ಲೂಟೂತ್ ಮೈಕ್, ಬ್ಲೂಟೂತ್ ಸ್ಪೀಕರ್ ವಿಚಾರ ಇನ್ನೂ ಬೇರೆ. ಬ್ಲೂಟೂತಿನಲ್ಲಿ ದನಿ ತಡವಾಗಿ ಬರುತ್ತದೆ. ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಿಂದ ಐದನೇ ಒಂದು ಭಾಗದಷ್ಟು ತಡ ಸಾಮಾನ್ಯ. ಇಷ್ಟೇ ತಾನೇ ಎನ್ನಬೇಡಿ. ನಿಮಿಷಕ್ಕೆ 120 ತಾಳದ ಗತಿಯಲ್ಲಿ ಒಂದು ತಾಳಕ್ಕೆ ಸಿಗುವುದೇ ಅರ್ಧ ಸೆಕೆಂಡ್. ಅದರಲ್ಲಿ ಐದನೇ ಒಂದು ಸೆಕೆಂಡ್ ತಡವಾದರೆ ತಾಳದ ಅರ್ಧಕ್ಕೆ ಹತ್ತಿರ ಹಿಂದೆ ಬಿದ್ದಂತೆ. ಕೀಬೋರ್ಡ್ ವೈರಿನಲ್ಲಿ, ದನಿ ಬ್ಲೂಟೂತಿನಲ್ಲಿ ಹೋದರೆ ಎಂಥ ಹಾಡುಗಾರರೂ ತಾಳ ತಪ್ಪಿದಂತೆ ಕೇಳುತ್ತಾರೆ. ಬಯ್ಗುಳ ತಿನ್ನುವುದು ಹಾಡಿದವರು.

ಮೈಕನ್ನು ಎಲ್ಲಿಗೆ ಚುಚ್ಚಬೇಕು?

ಮೈಕ್ ಕೊಂಡ ಮೇಲೆ ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ. ಕೀಬೋರ್ಡಿನ ಹಿಂದೆ ಹಲವು ತೂತುಗಳಿರುತ್ತವೆ. ಯಮಹಾ ಪಿಎಸ್‌ಆರ್-ಇ473 ಥರದ ಕೆಲವು ಮಾದರಿಗಳಲ್ಲಿ ಮಾತ್ರ "ಮೈಕ್ ಇನ್‌ಪುಟ್" ಎಂದು ಬರೆದ ತೂತು ಇರುತ್ತದೆ. ಅಲ್ಲಿಗೆ ಡೈನಾಮಿಕ್ ಮೈಕ್ ನೇರ ಚುಚ್ಚಬಹುದು. ಮೂರು ಪಿನ್ನಿನಿಂದ ಕಾಲಿಂಚಿನ ದಪ್ಪ ಜ್ಯಾಕಿಗೆ ಬರುವ ವೈರ್ ಬೇಕಷ್ಟೆ. ಮನೆಯಲ್ಲಿ ಅಭ್ಯಾಸ ಮಾಡಲು, ಗುಡಿಯ ಒಳಗೆ ಇಪ್ಪತ್ತು ಜನರ ಮುಂದೆ ಹಾಡಲು ಇದೇ ಸಾಕು. ಕೀಬೋರ್ಡ್ ಕೊಳ್ಳುವ ಮೊದಲೇ ಹಿಂಭಾಗ ತಿರುಗಿಸಿ ಈ ತೂತು ಇದೆಯೇ ನೋಡಿ.

"ಆಕ್ಸ್ ಇನ್" ಎಂಬ ತೂತು ಅನೇಕ ಕೀಬೋರ್ಡುಗಳಲ್ಲಿದೆ. ಅದು ಫೋನಿನಿಂದ ಹಾಡು ಹಾಕಲು ಇರುವುದು. ಮೈಕನ್ನು ಅದಕ್ಕೆ ಚುಚ್ಚಿದರೆ ದನಿ ಬರುವುದೇ ಇಲ್ಲ, ಬಂದರೂ ಇರುವೆಯ ದನಿ. ಕಾರಣ ಸರಳ. ಮೈಕಿನಿಂದ ಬರುವುದು ಒಂದೆರಡು ಮಿಲಿವೋಲ್ಟ್. ಆಕ್ಸ್ ತೂತು ಬಯಸುವುದು ಅದರ ನೂರು ಪಟ್ಟಿಗೂ ಹೆಚ್ಚು. "ಮೈಕ್ ಕೆಟ್ಟಿದೆ" ಎಂದು ಎಷ್ಟೋ ಜನ ವಾಪಸ್ ಕೊಡಲು ಹೋಗುವುದು ಈ ಕಾರಣಕ್ಕೆ. ಮೈಕ್ ಕೆಟ್ಟಿರುವುದಿಲ್ಲ.

ಮೈಕ್ ತೂತು ಇಲ್ಲದ ಕೀಬೋರ್ಡ್ ಇದ್ದರೆ ಸಣ್ಣ ನಾಲ್ಕು ಚಾನೆಲ್ಲಿನ ಮಿಕ್ಸರ್, ಅಥವಾ ಮೈಕ್ ಮತ್ತು ಲೈನ್ ಎರಡೂ ತೂತಿರುವ ಆಂಪ್ಲಿಫೈಯರ್ ಬೇಕು. ಮೈಕ್ ಒಂದು ಚಾನೆಲ್‌ಗೆ, ಕೀಬೋರ್ಡಿನ ಔಟ್‌ಪುಟ್ ಅಥವಾ ಹೆಡ್‌ಫೋನ್ ತೂತಿನಿಂದ ಇನ್ನೊಂದು ಚಾನೆಲ್‌ಗೆ. ಆಗ ದನಿಯ ಗುಂಡಿ ಬೇರೆ, ಕೀಬೋರ್ಡಿನ ಗುಂಡಿ ಬೇರೆ. ಈ ಎರಡು ಗುಂಡಿ ಬೇರೆಯಾಗುವುದೇ ನಮ್ಮ ಇಡೀ ಮಾತಿನ ತಿರುಳು. ಕೀಬೋರ್ಡಿನ ಸ್ಪೀಕರಿನ ಮುಂದೆ ಇನ್ನೊಂದು ಮೈಕ್ ನಿಲ್ಲಿಸಿ ಕೆಲಸ ಮುಗಿಸುವವರಿದ್ದಾರೆ. ಅದು ಬೇಡ. ಆ ಮೈಕ್ ಕೀಬೋರ್ಡಿನ ಜೊತೆ ಊರಿನ ಸದ್ದನ್ನೆಲ್ಲ ಎಳೆದು ತರುತ್ತದೆ.

ವೈರಿನ ಬಗ್ಗೆ ಎರಡು ಮಾತು. ಎರಡೂ ತುದಿಗೆ ಮೂರು ಪಿನ್ ಇರುವ ವೈರ್ ಉದ್ದವಾದರೂ ಗುಂಯ್ ಎನ್ನುವುದು ಕಡಿಮೆ. ಒಂದು ತುದಿಗೆ ಸಾದಾ ಜ್ಯಾಕ್ ಇದ್ದರೆ ಐದಾರು ಮೀಟರ್ ದಾಟಿಸಬೇಡಿ. ಮೈಕ್ ವೈರನ್ನು ಕರೆಂಟ್ ವೈರಿನ ಜೊತೆ ಸುತ್ತಿ ಎಳೆಯಬೇಡಿ.

ತುಟಿಗೆ ಹೊಡೆಯುವ ಶಾಕ್

ಇದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಹಾಡುವಾಗ ತುಟಿಗೆ ಚುರ್ ಎಂದರೆ ನಗುತ್ತಾರೆ, ಮೈಕಿಗೆ ಕರವಸ್ತ್ರ ಸುತ್ತಿ ಮುಂದುವರಿಯುತ್ತಾರೆ. ನಗುವ ಮಾತಲ್ಲ. ಮೈಕಿನ ಲೋಹದ ಜಾಲರಿ ವೈರಿನ ಮೂಲಕ ಆಂಪ್ಲಿಫೈಯರಿನ ಮೈಗೆ ಸೇರಿರುತ್ತದೆ. ಆಂಪ್ಲಿಫೈಯರಿಗೆ ಮೂರು ಪಿನ್ನಿನ ಪ್ಲಗ್ ಕೊಟ್ಟಿರುವುದು ಅರ್ಥಿಂಗ್‌ಗಾಗಿ. ನಾವು ಆ ಮೂರನೇ ಪಿನ್ ಮುರಿದೋ, ಎರಡು ಎಳೆ ವೈರಿನ ಬೋರ್ಡಿಗೆ ಚುಚ್ಚಿಯೋ ಕೆಲಸ ನಡೆಸುತ್ತೇವೆ. ಒಳಗೆ ಎಲ್ಲಾದರೂ ಕರೆಂಟ್ ಸೋರಿದರೆ ಅದು ಹೋಗಲು ದಾರಿ ಹುಡುಕುತ್ತದೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಮೈಕಿಗೆ ತುಟಿ ಹಚ್ಚಿದವರೇ ಆ ದಾರಿ. ಶ್ರಾವಣ, ಗಣಪತಿ, ದಸರಾ ಎಲ್ಲ ಮಳೆಗಾಲದ ಹಬ್ಬಗಳೇ ಎಂಬುದು ನೆನಪಿರಲಿ.

ಮಾಡಬೇಕಾದದ್ದು ಮೂರು. ಅರ್ಥಿಂಗ್ ಸರಿ ಇರುವ ಮೂರು ಪಿನ್ನಿನ ಜಾಗದಿಂದಲೇ ಕರೆಂಟ್ ತೆಗೆದುಕೊಳ್ಳಿ. ಕೀಬೋರ್ಡ್, ಮಿಕ್ಸರ್, ಆಂಪ್ಲಿಫೈಯರ್ ಮೂರನ್ನೂ ಒಂದೇ ಬೋರ್ಡಿಗೆ ಚುಚ್ಚಿ. ಗುಡಿಯ ಮೀಟರ್ ಹತ್ತಿರ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಸೋರಿಕೆ ಕಂಡ ಕೂಡಲೇ ಅದು ಕರೆಂಟ್ ಕಡಿಯುತ್ತದೆ. ಮಂಡಳಿಗೆ ಅದು ವಿಮೆ ಇದ್ದಂತೆ. ಚುರ್ ಎಂದ ಮೈಕಿನಲ್ಲಿ ಮುಂದಿನ ಹಾಡು ಬೇಡವೇ ಬೇಡ. ಕರೆಂಟಿನ ಕೆಲಸ ಗೊತ್ತಿದ್ದವರು ನೋಡುವವರೆಗೆ ಮೈಕಿಲ್ಲದೆ ಹಾಡಿ.

ಮೈಕ್ ಒಳ್ಳೆಯದಾದರೂ ಹಿಡಿಯುವ ರೀತಿ ಬೇಕು

ಬಾಯಿಂದ ಎರಡು ಮೂರು ಬೆರಳಿನ ದೂರ ಸಾಕು. ದೂರ ಎರಡು ಪಟ್ಟಾದರೆ ಮೈಕಿಗೆ ಮುಟ್ಟುವ ದನಿ 6 ಡೆಸಿಬೆಲ್ ಇಳಿಯುತ್ತದೆ. ಅದನ್ನು ತುಂಬಲು ಗುಂಡಿ ಏರಿಸಿದರೆ "ಕೂಂಯ್" ಎಂಬ ಕೂಗು ಏಳುತ್ತದೆ. ಆ ಕೂಗು ಬೇರೇನಲ್ಲ, ಸ್ಪೀಕರಿನ ಸದ್ದನ್ನು ಮೈಕ್ ಕೇಳಿಸಿಕೊಂಡು ಮತ್ತೆ ಸ್ಪೀಕರಿಗೇ ಕಳಿಸುವ ಗಾಣದ ಸುತ್ತು. ಸ್ಪೀಕರ್ ಯಾವತ್ತೂ ಹಾಡುವವರ ಮುಂದೆ ಇರಬೇಕು, ಮುಖ ಜನರ ಕಡೆ. ಸಿನಿಮಾದಲ್ಲಿ ನೋಡಿ ಜಾಲರಿಯನ್ನೇ ಮುಷ್ಟಿಯಲ್ಲಿ ಹಿಡಿಯಬೇಡಿ. ಹಾಗೆ ಹಿಡಿದರೆ ಮೈಕಿನ ಹಿಂದಿನ ಕಿವಿ ಮುಚ್ಚುವ ಗುಣವೇ ಹೋಗಿ ಕೂಗು ಬೇಗ ಏಳುತ್ತದೆ. ತುಟಿಗೆ ತಾಗಿಸಿದರೂ ಕಷ್ಟ, ಬೇಸ್ ಉಬ್ಬಿ ಮಾತು ಗೊಗ್ಗರಾಗುತ್ತದೆ. ಗಾಯಕರ ತಾಳ, ಚಿಟಿಕೆ ಹಾಕುವ ಕೈ ಬಿಡುವಾಗಿರಲು ಒಂದು ಸ್ಟ್ಯಾಂಡ್ ಕೊಳ್ಳಿ.

ಎಂಟು ಜನ ಹಾಡುತ್ತಾರೆಂದು ಎಂಟು ಮೈಕ್ ಬೇಕಿಲ್ಲ. ತೆರೆದ ಮೈಕ್ ಎರಡು ಪಟ್ಟಾದಂತೆಲ್ಲ ಕೂಗು 3 ಡೆಸಿಬೆಲ್ ಬೇಗ ಏಳುತ್ತದೆ. ಮುಂದಾಳುವಿಗೆ ಒಂದು, ಸೊಲ್ಲು ಹಿಡಿಯುವ ಮೂರು ನಾಲ್ಕು ಜನರ ಅರ್ಧಚಂದ್ರದ ನಡುವೆ ಒಂದು. ಎರಡು ಒಳ್ಳೆಯ ಮೈಕ್ ನಾಲ್ಕು ಕೆಟ್ಟ ಮೈಕಿಗಿಂತ ಮೇಲು.

ಕೀಬೋರ್ಡ್ ನುಡಿಸುವ ತಮ್ಮಂದಿರಿಗೂ ಒಂದು ಮಾತು. ಟ್ರಾನ್ಸ್‌ಪೋಸ್ ಎಂಬ ಗುಂಡಿ ಇರುವುದು ಹಾಡುವವರಿಗಾಗಿ. ಬೆರಳು ರೂಢಿಯಾದ ಜಾಗದಲ್ಲೇ ಇರಲಿ, ಶ್ರುತಿಯನ್ನು ಅವರ ದನಿಗೆ ತನ್ನಿ. ಡ್ರಮ್ಸ್ ಮತ್ತು ಹಿನ್ನೆಲೆಯ ವಾಲ್ಯೂಮ್ ಬೇರೆ ಇರುತ್ತದೆ, ಅದನ್ನು ಅರ್ಧಕ್ಕೆ ಇಳಿಸಿ. ಹಾಡುವವರು ಇರುವ ಸ್ಥಾಯಿಯಲ್ಲೇ ದಪ್ಪ ಪಿಟೀಲಿನ ಗುಂಪು ಒತ್ತಿ ಹಿಡಿಯಬೇಡಿ. ಹಾಡು ನಿಂತಾಗ ನಿಮ್ಮ ಕೈಚಳಕ ತೋರಿಸಿ, ಚಪ್ಪಾಳೆ ನಿಮಗೇ.

"ಸೌಂಡ್ ಇಲ್ಲದಿದ್ದರೆ ಕಳೆಯೇ ಇಲ್ಲ"

ಇದನ್ನು ಓದಿ ಕೆಲವರು ಹೇಳುವುದು ನಮಗೆ ಗೊತ್ತು. ಬಾಡಿಗೆ ಸೌಂಡ್ ಸರ್ವೀಸಿನವರು ಬರುತ್ತಾರಲ್ಲ, ಮೈಕ್ ಅವರದೇ, ನಮಗ್ಯಾಕೆ ಖರ್ಚು ಎಂದು. ಜಾತ್ರೆಯ ರಾತ್ರಿಗೆ ಅವರು ಬರುತ್ತಾರೆ, ನಿಜ. ವಾರಕ್ಕೊಮ್ಮೆ ಸೋಮವಾರವೋ ಗುರುವಾರವೋ ನಡೆಯುವ ಭಜನೆಗೆ, ಅಭ್ಯಾಸಕ್ಕೆ ಯಾರು ಬರುತ್ತಾರೆ? ಮೈಕಿನಲ್ಲಿ ಹಾಡುವುದೂ ಒಂದು ಅಭ್ಯಾಸ. ವರ್ಷಕ್ಕೊಮ್ಮೆ ಮೈಕ್ ಕಂಡವರು ಜಾತ್ರೆಯ ರಾತ್ರಿ ಬೆದರಿ ದೂರ ಸರಿಯುತ್ತಾರೆ. ದೂರ ಸರಿಯುವವರು ಹೆಚ್ಚಾಗಿ ಯಾರೆಂದು ಮೇಲೆ ಹೇಳಿದ್ದೇವೆ.

ಸದ್ದು ಜೋರಿದ್ದರೆ ಜನ ಕೂಡುತ್ತಾರೆ ಎಂಬ ವಾದವೂ ಇದೆ. ಜೋರು ಸದ್ದಿಗೆ ಕೂಡಿದ ಜನ ಫೋನ್ ನೋಡುತ್ತಾ ಕೂರುತ್ತಾರೆ. ಮಾತು ಕೇಳಿದಾಗ ತಲೆ ಎತ್ತುತ್ತಾರೆ. ಇನ್ನು ಕಾನೂನೂ ಒಂದಿದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಸಂದರ್ಭಕ್ಕೆ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ಸಡಿಲಿಸುವ ಅಧಿಕಾರ ಸರ್ಕಾರಕ್ಕಿದೆ. ಒಳ್ಳೆಯ ಮೈಕ್ ಇದ್ದರೆ ಸಣ್ಣ ಸದ್ದಿನಲ್ಲೇ ಮಾತು ಮುಟ್ಟುತ್ತದೆ. ಪರೀಕ್ಷೆಗೆ ಓದುವ ಮಗು, ಹಾಸಿಗೆ ಹಿಡಿದ ಹಿರಿಯರು ಇರುವ ಮನೆಯವರೂ ಬಯ್ಯುವುದಿಲ್ಲ.

ಅಂಗಡಿಗೆ ಯಾರು ಹೋಗಬೇಕು?

ನಮ್ಮ ಕಡೆ ಕೀಬೋರ್ಡ್ ತರಲು ಹೋಗುವ ನಾಲ್ಕು ಜನರಲ್ಲಿ ಅಧ್ಯಕ್ಷರಿರುತ್ತಾರೆ, ಖಜಾಂಚಿ ಇರುತ್ತಾರೆ, ನುಡಿಸುವ ಹುಡುಗ ಇರುತ್ತಾನೆ, ಗಾಡಿ ಇದ್ದವರು ಒಬ್ಬರು ಇರುತ್ತಾರೆ. ಹಾಡುವವರು ಇರುವುದಿಲ್ಲ. ಕಾಲಿಗೆ ಅಳತೆ ಇಲ್ಲದೆ ಚಪ್ಪಲಿ ತಂದಂತೆ. ಮೈಕ್ ಕೊಳ್ಳುವ ದಿನ ಹಾಡುವ ಇಬ್ಬರು ಹೋಗಲೇಬೇಕು. ಅವರಲ್ಲಿ ಒಬ್ಬರಾದರೂ ಹೆಣ್ಣುಮಗಳಿರಲಿ.

ಅಂಗಡಿಯಲ್ಲಿ "ಹಲೋ ಹಲೋ, ಮೈಕ್ ಟೆಸ್ಟಿಂಗ್" ಎಂದು ಹೇಳಿ ಬಂದುಬಿಡಬೇಡಿ. ಎರಡು ಮೂರು ಮೈಕ್ ತೆಗೆಸಿ. ಎಲ್ಲಕ್ಕೂ ಒಂದೇ ಗುಂಡಿ, ಒಂದೇ ಅಳತೆ. ಎಕೋ ಪೂರ್ತಿ ಬಂದ್ ಮಾಡಿಸಿ. ಎಕೋ ಹಾಕಿದರೆ ಎಲ್ಲ ಮೈಕೂ ಒಂದೇ ಥರ ಚೆಂದ ಕೇಳುತ್ತವೆ. ಕೀಬೋರ್ಡ್ ನುಡಿಸುತ್ತಿರುವಾಗಲೇ ನೀವು ದಿನಾ ಹಾಡುವ ಒಂದು ಪದ ಹಾಡಿ. ಒಬ್ಬರು ಅಂಗಡಿಯ ಬಾಗಿಲಲ್ಲಿ ಬೆನ್ನು ತಿರುಗಿಸಿ ನಿಂತು ಕೇಳಲಿ. ಹಾಡು ಗೊತ್ತಿಲ್ಲದವರಾದರೆ ಇನ್ನೂ ಒಳ್ಳೆಯದು. ಯಾವ ಮೈಕಿನಲ್ಲಿ ಅವರಿಗೆ ಮಾತು ಬಿಡಿಬಿಡಿಯಾಗಿ ತಿಳಿಯಿತೋ ಅದೇ ನಿಮ್ಮ ಮೈಕ್. ಬೆಲೆ ಆಮೇಲೆ ಕೇಳಿ.

ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಸಂಘಗಳಿಗೆ ವಾದ್ಯ ಪರಿಕರ, ವೇಷಭೂಷಣ ಖರೀದಿಗೆ ಧನಸಹಾಯಕ್ಕೆ ಅರ್ಜಿ ಕರೆಯುತ್ತದೆ. ನೋಂದಣಿಯಾದ ಮಂಡಳಿಗಳು ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ, ಅರ್ಜಿಯ ಸಾಮಾನು ಪಟ್ಟಿಯಲ್ಲಿ ಮೈಕ್, ಸ್ಟ್ಯಾಂಡ್, ವೈರ್ ಇವನ್ನು ಸೇರಿಸಬಹುದೇ ಕೇಳಿ. ಹಾರ್ಮೋನಿಯಂ, ತಬಲಾ ವಾದ್ಯವಾದರೆ, ದನಿಯನ್ನು ಮುಟ್ಟಿಸುವ ಮೈಕ್ ಏಕೆ ಪರಿಕರ ಆಗಬಾರದು ಎಂಬುದು ನಮ್ಮ ಪ್ರಶ್ನೆ. ಊರಿನ ಕಲೆಗೆ ಹಣ ಕೊಡುವ ದಾನಿಗಳಿಗೂ ಇದೇ ವಿನಂತಿ. ಹೆಸರು ಬರೆಸಲು ಕೀಬೋರ್ಡಿನಷ್ಟು ಜಾಗ ಮೈಕಿನ ಮೇಲೆ ಇಲ್ಲ, ಒಪ್ಪುತ್ತೇವೆ. ಆದರೆ ಕೊಟ್ಟ ಹಣ ಊರಿಗೆ ಕೇಳಿಸುವುದು ಅದರಿಂದಲೇ.

ಮುಂದಿನ ಶ್ರಾವಣಕ್ಕೆ ನಿಮ್ಮ ಊರಲ್ಲಿ ಪಟ್ಟಿ ಎತ್ತಿದಾಗ ಒಂದೇ ಒಂದು ಪ್ರಶ್ನೆ ಕೇಳಿ: ಇದರಲ್ಲಿ ಹಾಡುವವರ ಪಾಲು ಎಷ್ಟು? ಹತ್ತರಲ್ಲಿ ಒಂದು ಪಾಲಾದರೂ ಇಲ್ಲದಿದ್ದರೆ ಪಟ್ಟಿ ಪುಸ್ತಕ ಮುಚ್ಚುವ ಮೊದಲು ಅದನ್ನು ಬರೆಸಿ. ಮೂವತ್ತು ಸಾವಿರಕ್ಕೆ ಮೂರು ಸಾವಿರ. ಅಷ್ಟರಲ್ಲಿ ನಿಮ್ಮೂರ ಒಬ್ಬ ಹಾಡುಗಾರ್ತಿಯ ಮಾತು ಕಟ್ಟೆಯಾಚೆ ಕೂತ ಅಜ್ಜಿಗೆ ಮುಟ್ಟುತ್ತದೆ.